ಮ್ಯಾಡ್ರಿಡ್‌ನಲ್ಲಿ ಕ್ರಿಸ್‌ಮಸ್: ದಾವಣಗೆರೆಯಿಂದ ಹೊರಡುವವರಿಗೆ

ಕ್ರಿಸ್‌ಮಸ್ ರಜೆಗೆ ಸ್ಪೇನ್ ಅಂದರೆ ಹೆಚ್ಚಿನವರು ಡಿಸೆಂಬರ್ 20ಕ್ಕೆ ಹೋಗಿ 27ಕ್ಕೆ ವಾಪಸ್ ಬರುವ ಟಿಕೆಟ್ ಮಾಡಿಸುತ್ತಾರೆ. ಅಷ್ಟು ದುಡ್ಡು ಸುರಿದು ಅಸಲಿ ಹಬ್ಬವನ್ನೇ ಬಿಟ್ಟು ಬಂದಂತೆ ಅದು. ಅಲ್ಲಿ ಹಬ್ಬ ಡಿಸೆಂಬರ್ 22ಕ್ಕೆ ಶುರುವಾಗಿ ಜನವರಿ 6ರವರೆಗೆ ನಡೆಯುತ್ತದೆ. 24ರ ರಾತ್ರಿ ಮತ್ತು 25 ಮನೆಯೊಳಗಿನ ಹಬ್ಬ. ಆಗ ಹೊರಗಿನಿಂದ ಬಂದವರಿಗೆ ಸಿಗುವುದು ಮುಚ್ಚಿದ ಶಟರ್‌ಗಳು. ಬೀದಿಗೆ ಬರುವ ಹಬ್ಬ ಎರಡು: 31ರ ರಾತ್ರಿ ಮತ್ತು ಜನವರಿ 5ರ ಸಂಜೆ. ಮಕ್ಕಳ ಶಾಲೆಯವರು ನಾಲ್ಕು ದಿನ ರಜೆ ಕೊಟ್ಟರೆ ಡಿಸೆಂಬರ್ 28ಕ್ಕೆ ಹೋಗಿ ಜನವರಿ 7ಕ್ಕೆ ಹೊರಡುವುದೇ ವಾಸಿ. 22ರಿಂದಲೇ ಇರುತ್ತೇವೆ ಅನ್ನುವವರು 24–25ರ ಊಟವನ್ನು ಮೊದಲೇ ಜೋಡಿಸಿಕೊಳ್ಳಬೇಕು.

ವೀಸಾ ಅರ್ಜಿಯನ್ನು ಸ್ಪೇನ್ ಪರವಾಗಿ ಅರ್ಜಿ ಪಡೆಯುವ ಬಿಎಲ್‌ಎಸ್ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಕೊಡಬೇಕು, ಬೆರಳಚ್ಚು ಅಲ್ಲೇ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲು ಹಾಕಿರಲೇಬೇಕು. ಡಿಸೆಂಬರಿನ ಅಪಾಯಿಂಟ್‌ಮೆಂಟ್‌ಗಳು ಬೇಗ ತುಂಬುತ್ತವೆ, ಆದ್ದರಿಂದ ದಸರೆಗೆ ಮುಂಚೆ ಮುಗಿಸಿದರೆ ನಿಶ್ಚಿಂತೆ. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನವರಿಗೆ 45. ಕೇಂದ್ರದ ಸೇವಾ ಶುಲ್ಕ ಬೇರೆ. ವಿಮೆ ಕನಿಷ್ಠ 30,000 ಯೂರೊಗೆ ಇರಬೇಕು. ಖರ್ಚಿಗೆ ತಲೆಗೆ ದಿನಕ್ಕೆ 110 ಯೂರೊಗಿಂತ ಹೆಚ್ಚು ಬ್ಯಾಂಕ್ ಲೆಕ್ಕದಲ್ಲಿ ಕಾಣಬೇಕು. ವಾರದ ಹಿಂದೆ ಒಮ್ಮೆಲೇ ಜಮಾ ಮಾಡಿದ ಹಣ ಅನುಮಾನ ಹುಟ್ಟಿಸುತ್ತದೆ.

ಈಗ ಊಟದ ವಿಷಯ. ನಮ್ಮ ಕಡೆಯವರಿಗೆ, ಅದರಲ್ಲೂ ಮೊಟ್ಟೆಯನ್ನೂ ಮುಟ್ಟದವರಿಗೆ, ಯಾತ್ರೆ ಕೆಡುವುದಿದ್ದರೆ ಇಲ್ಲೇ. ಚಟ್ನಿಪುಡಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮಂಡಕ್ಕಿ ಧಾರಾಳವಾಗಿ ಒಯ್ಯಿರಿ. ತುಪ್ಪ, ಬೆಣ್ಣೆ, ಪೇಡ ಬೇಡ: ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ, ಸಿಕ್ಕರೆ ಕಿತ್ತುಕೊಳ್ಳುತ್ತಾರೆ. ಕರಿಬೇವು, ಹಸಿಮೆಣಸಿನಕಾಯಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ವಿಚಿತ್ರವೆಂದರೆ ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರಕ್ಕೆ ಆ ಪತ್ರ ಬೇಡ.

ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯುವುದು ಒಳ್ಳೆಯದು. ಅಲ್ಲಿ ಒಂದು ಕಿರಿಕಿರಿ ಕಾದಿರುತ್ತದೆ. ಹಳೆಯ ಮನೆಗಳಿಗೆ ವಿದ್ಯುತ್ ಒಪ್ಪಂದವೇ 3.45 ಕಿಲೋವ್ಯಾಟ್‌ನಷ್ಟು ಇರುವುದು ಸಾಮಾನ್ಯ. ರೂಮ್ ಹೀಟರ್ 1.5, ಕೆಟಲ್ 2, ಜೊತೆಗೆ ಕರೆಂಟ್ ಒಲೆ. ಮೂರೂ ಒಟ್ಟಿಗೆ ಹಾಕಿದರೆ ಮನೆಯೆಲ್ಲ ಕತ್ತಲು. ಮಾಲೀಕರಿಗೆ ಫೋನ್ ಮಾಡುವ ಮೊದಲು ಮುಂಬಾಗಿಲ ಹತ್ತಿರದ ಪೆಟ್ಟಿಗೆ ತೆರೆಯಿರಿ. ಕೆಳಗೆ ಬಿದ್ದಿರುವ ಸ್ವಿಚ್ ಮೇಲೆತ್ತಿ. ಮತ್ತೆ ಮತ್ತೆ ಬೀಳುತ್ತಿದ್ದರೆ ಹೀಟರ್ ಆರಿಸಿಯೇ ಅನ್ನ ಮಾಡಬೇಕು. ನಮ್ಮ ಎರಡು ಪಿನ್ನಿನ ಫೋನ್ ಚಾರ್ಜರ್ ಅಲ್ಲಿ ಕೂರುತ್ತದೆ, ಮೂರು ಪಿನ್ನಿನ ಕುಕ್ಕರ್‌ಗೆ ಅಡಾಪ್ಟರ್ ಬೇಕು.

24ರಂದು ಸೂಪರ್ ಮಾರ್ಕೆಟ್‌ಗಳು ಸಂಜೆಗೇ ಬಾಗಿಲು ಹಾಕುತ್ತವೆ, ಮಧ್ಯಾಹ್ನದ ನಂತರ ಒಳಗೆ ಕಾಲಿಡಲು ಜಾಗವಿರುವುದಿಲ್ಲ. ಬೆಳಿಗ್ಗೆಯೇ ಎರಡು ದಿನಕ್ಕಾಗುವಷ್ಟು ತಂದಿಡಿ: ಅಕ್ಕಿ, ಮೊಸರು, ಟೊಮೆಟೊ, ಬ್ರೆಡ್ಡು, ಗಾಜಿನ ಜಾಡಿಯಲ್ಲಿ ಬೇಯಿಸಿಟ್ಟ ಕಡಲೆ. ಈ ಕಡಲೆ ತೊಳೆದು ಒಗ್ಗರಣೆ ಕೊಟ್ಟರೆ ಹತ್ತು ನಿಮಿಷದಲ್ಲಿ ಉಸಲಿ. ತೊಗರಿಬೇಳೆ, ಜೀರಿಗೆ ಬೇಕಿದ್ದರೆ ಲಾವಾಪಿಯೆಸ್ ಎಂಬ ಬಡಾವಣೆಗೆ ಹೋಗಿ. ಬಾಂಗ್ಲಾದೇಶಿಗಳ ಕಿರಾಣಿ ಅಂಗಡಿಗಳೂ ಭಾರತೀಯ ಹೋಟೆಲುಗಳೂ ಅಲ್ಲಿವೆ. 24ರ ರಾತ್ರಿ ಮೆಟ್ರೊ 10ರ ಹೊತ್ತಿಗೆ ನಿಲ್ಲುತ್ತದೆ, 25ರ ಬೆಳಿಗ್ಗೆ 8ರವರೆಗೆ ಶುರುವಾಗುವುದಿಲ್ಲ. ನಡುರಾತ್ರಿಯ ಪೂಜೆಗೆ ಚರ್ಚಿಗೆ ಹೋಗುವವರು ನಡೆದು ಹೋಗುವಷ್ಟು ದೂರದ ಚರ್ಚನ್ನೇ ಆರಿಸಿಕೊಳ್ಳಬೇಕು. ಟ್ಯಾಕ್ಸಿ ಸಿಕ್ಕರೂ ಹಬ್ಬದ ಹೆಚ್ಚುವರಿ ದರ ಬೀಳುತ್ತದೆ.

ಉಳಿದ ದಿನ ಹೋಟೆಲಿನಲ್ಲಿ ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಸಾಲದು. ಸಲಾಡ್ ಮೇಲೆ ಟ್ಯೂನಾ ಮೀನು ಹಾಕಿ ತರುತ್ತಾರೆ, ಅಣಬೆ ಪಲ್ಯದಲ್ಲಿ ಹಂದಿಮಾಂಸದ ಚೂರು ಇರುತ್ತದೆ, ಬೇಳೆ ಸಾರಿನಲ್ಲಿ ಚೊರಿಸೊ ಎಂಬ ಹಂದಿಮಾಂಸದ ಸಾಸೇಜ್ ಬೆಂದಿರುತ್ತದೆ. ‘ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಾಮೋನ್, ಸಿನ್ ವೆವೊ’ ಎಂದು ಒಂದೊಂದಾಗಿ ಹೇಳಿ: ಮಾಂಸ, ಮೀನು, ಹಂದಿ, ಮೊಟ್ಟೆ ಯಾವುದೂ ಬೇಡ. ಸೂಪು, ಅನ್ನದ ಪಾಯೆಯ್ಯಾ, ಆಲೂ ಬ್ರಾವಾಸ್‌ನ ಕೆಂಪು ಸಾಸ್ ಇವಕ್ಕೆ ‘ಕಾಲ್ದೊ’ ಅಂದರೆ ಮಾಂಸದ ರಸ ಹಾಕಿದ್ದಾರೆಯೇ ಎಂದೂ ಕೇಳಿ. ಟೊಮೆಟೊ ಉಜ್ಜಿದ ಬ್ರೆಡ್ಡು, ಹುರಿದ ಪಾದ್ರೋನ್ ಮೆಣಸಿನಕಾಯಿ, ಬೀದಿಯ ಸುಟ್ಟ ಚೆಸ್ಟ್‌ನಟ್, ಎಣ್ಣೆಯಲ್ಲಿ ಕರಿದ ಚುರ್ರೊ ಇವು ಸಾಮಾನ್ಯವಾಗಿ ನಿರಾತಂಕ. ಚುರ್ರೊ ಹಿಟ್ಟು ಬರೀ ಮೈದಾ, ನೀರು, ಉಪ್ಪು. ಗಟ್ಟಿ ಚಾಕೊಲೇಟಿಗೆ ಅದ್ದಿ ತಿನ್ನುವುದು. ಸೋಲ್ ಚೌಕದ ಹತ್ತಿರದ ಸಾನ್ ಹಿನೆಸ್ ಅಂಗಡಿ 1894ರದು, ಸಾಲು ಉದ್ದ. ರಾತ್ರಿ ಊಟ ಅಲ್ಲಿ 9ಕ್ಕೆ. ಸಂಜೆ 5ರಿಂದ 8ರವರೆಗೆ ಬಹುತೇಕ ಅಡುಗೆಮನೆಗಳು ತಣ್ಣಗಿರುತ್ತವೆ.

ಹಬ್ಬದ ಸಿಹಿಗಳಲ್ಲಿ ಪೊಲ್ವೊರೋನ್, ಮಾಂತೆಕಾದೊ ಎರಡನ್ನೂ ನಂಬಬೇಡಿ. ಬಾಯಲ್ಲಿ ಇಟ್ಟರೆ ಪುಡಿಯಾಗುವ ನಾನ್‌ಖಟಾಯಿ ತರಹದವು, ಆದರೆ ಆ ಹದ ಬರುವುದು ಹಂದಿಯ ಕೊಬ್ಬಿನಿಂದ. ಪೊಟ್ಟಣದ ಮೇಲೆ ‘ಮಾಂತೆಕಾ ದೆ ಸೆರ್ದೊ’ ಎಂದಿದ್ದರೆ ಅದೇ. ಆಲಿವ್ ಎಣ್ಣೆಯಲ್ಲಿ ಮಾಡಿದ್ದೂ ಸಿಗುತ್ತದೆ. ತುರ್ರೋನ್ ಎಂಬ ಬಾದಾಮಿ–ಜೇನಿನ ಚಿಕ್ಕಿಗೆ ಮೊಟ್ಟೆಯ ಬಿಳಿ ಹಾಕುತ್ತಾರೆ: ಆಲಿಕಾಂತೆಯದು ಗಟ್ಟಿ, ಹಿಹೋನಾದ್ದು ಮೆತ್ತಗೆ.

ಸಮುದ್ರಮಟ್ಟದ ಲೆಕ್ಕದಲ್ಲಿ ಮ್ಯಾಡ್ರಿಡ್ ದಾವಣಗೆರೆಗೂ ಚಿತ್ರದುರ್ಗಕ್ಕೂ ನಡುವೆ ಬರುತ್ತದೆ, ಸುಮಾರು 650 ಮೀಟರ್. ಚಳಿ ಮಾತ್ರ ಬೇರೆಯೇ: ಹಗಲು 10 ಡಿಗ್ರಿ, ರಾತ್ರಿ 2–3. ಬೆಳಗಾಗುವುದೇ ಎಂಟೂವರೆ ದಾಟಿದ ಮೇಲೆ, ಬೇಗ ಎದ್ದು ಹೊರಟು ಲಾಭವಿಲ್ಲ. ಪ್ರಾದೊ ಮ್ಯೂಸಿಯಂ ಡಿಸೆಂಬರ್ 25, ಜನವರಿ 1ಕ್ಕೆ ಮುಚ್ಚಿರುತ್ತದೆ. 24, 31 ಮತ್ತು ಜನವರಿ 6ಕ್ಕೆ ಮಧ್ಯಾಹ್ನ 2ರವರೆಗಷ್ಟೇ.

ಡಿಸೆಂಬರ್ 22ರ ಬೆಳಿಗ್ಗೆ ಇಡೀ ದೇಶ ಲಾಟರಿ ಕೇಳುತ್ತದೆ. ಶಾಲಾ ಮಕ್ಕಳು ನಂಬರನ್ನೂ ಬಹುಮಾನವನ್ನೂ ರಾಗವಾಗಿ ಹಾಡುತ್ತಾರೆ, ಗಂಟೆಗಟ್ಟಲೆ. ಟಿಕೆಟ್ಟಿನ ಹತ್ತನೇ ಒಂದು ಪಾಲಿಗೆ 20 ಯೂರೊ, ಮೊದಲ ಬಹುಮಾನ ಬಂದರೆ ಆ ಪಾಲಿಗೆ 4 ಲಕ್ಷ ಯೂರೊ. ಲಾಟರಿ ನಿಷೇಧವಾದ ರಾಜ್ಯದಿಂದ ಹೋದವರು ಸುಮ್ಮನೆ ಕೇಳಿದರೂ ಸಾಕು.

31ರ ರಾತ್ರಿ ಪುಯೆರ್ತಾ ದೆಲ್ ಸೋಲ್, ಅಂದರೆ ಅದೇ ಸೋಲ್ ಚೌಕದ ಗಡಿಯಾರದ ಕೆಳಗೆ ದುಗ್ಗಮ್ಮನ ಜಾತ್ರೆಯಂಥ ಜನ. ಹನ್ನೆರಡು ಹೊಡೆತಕ್ಕೆ ಹನ್ನೆರಡು ದ್ರಾಕ್ಷಿ ತಿನ್ನಬೇಕು, ಹೊಡೆತಕ್ಕೆ ಮೂರು ಸೆಕೆಂಡು, ಒಟ್ಟು 36. ಹೊಸಬರು ಎಡವುವುದು ಎಲ್ಲಿ ಗೊತ್ತೇ? ಮೊದಲು ಗಡಿಯಾರದ ಮೇಲಿನ ಚೆಂಡು ಇಳಿಯುತ್ತದೆ, ಆಮೇಲೆ ‘ಕ್ವಾರ್ತೊ’ ಎಂಬ ನಾಲ್ಕು ಜೋಡಿ ಗಂಟೆಗಳು. ಅವಕ್ಕೇ ತಿನ್ನಲು ಶುರುಮಾಡಿದರೆ ಹೊಸ ವರ್ಷಕ್ಕೆ ದ್ರಾಕ್ಷಿಯೇ ಉಳಿಯದು. ನಾಲ್ಕು ಜೋಡಿ ಮುಗಿದು, ಸ್ವಲ್ಪ ತಡೆದು, ದಪ್ಪ ಒಂಟಿ ಹೊಡೆತ ಬಿದ್ದಾಗ ಮೊದಲನೆಯದು. ಅಲ್ಲಿನ ಆಲೆದೊ ದ್ರಾಕ್ಷಿಗೆ ಸಿಪ್ಪೆ, ಒಳಗೆ ಬೀಜ. ಗಂಟಲಲ್ಲಿ ಸಿಕ್ಕುವುದು ಅದಕ್ಕೇ. ಮನೆಯಲ್ಲೇ ಬಿಡಿಸಿ ಬೀಜ ತೆಗೆದು ಡಬ್ಬಿಯಲ್ಲಿ ಒಯ್ಯಿರಿ, ಅಥವಾ ಸಿಪ್ಪೆ ತೆಗೆದ ಹನ್ನೆರಡರ ಪುಟ್ಟ ಟಿನ್ ಕೊಳ್ಳಿ. ಪುಟ್ಟ ಮಕ್ಕಳಿಗೆ ಉದ್ದಕ್ಕೆ ಸೀಳಿ ಕೊಡಿ. ಚೌಕದೊಳಕ್ಕೆ ಗಾಜಿನ ಬಾಟಲಿ ಬಿಡುವುದಿಲ್ಲ, ತುಂಬಿದ ಮೇಲೆ ಪೊಲೀಸರು ತಡೆಯುತ್ತಾರೆ, ಸೋಲ್ ಮೆಟ್ರೊ ನಿಲ್ದಾಣ ನಡುರಾತ್ರಿಗೆ ಸಾಕಷ್ಟು ಮೊದಲೇ ಮುಚ್ಚುತ್ತದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ 30ರ ನಡುರಾತ್ರಿಗೆ ಹೋಗಿ. ಗಡಿಯಾರದ ತಾಲೀಮಿಗೆ ಅಂದೇ ಜನ ಸೇರಿ ದ್ರಾಕ್ಷಿ ತಿನ್ನುತ್ತಾರೆ, ನೂಕುನುಗ್ಗಲು ಕಡಿಮೆ. ಊರಿಗೆ ವಿಡಿಯೊ ಕಾಲ್ ಮಾಡುವುದಾದರೆ ಆಗ ದಾವಣಗೆರೆಯಲ್ಲಿ ಬೆಳಗಿನ ಜಾವ ನಾಲ್ಕೂವರೆ.

ಜನವರಿ 5ರ ಸಂಜೆ, ಬಾಲ ಏಸುವನ್ನು ಕಾಣಲು ಬಂದರೆಂಬ ಮೂವರು ರಾಜರ ಮೆರವಣಿಗೆ ಕಾಸ್ತೆಯಾನಾ ರಸ್ತೆಯಲ್ಲಿ ಸಿಬೆಲೆಸ್ ಚೌಕದವರೆಗೆ ಬರುತ್ತದೆ. ಆರೂವರೆಗೆ ಹೊರಡುವುದು, ಕೊನೆಯ ಚೌಕದ ಹತ್ತಿರ ನಿಂತರೆ ಎರಡು ಗಂಟೆ ಕಾಯಬೇಕು. ಹೊರಡುವ ತುದಿಗೆ ನಿಲ್ಲುವುದು ಮಕ್ಕಳಿಗೆ ಹಿತ. ರಥಗಳಿಂದ ಮಿಠಾಯಿ ಎರಚುತ್ತಾರೆ, ಹಳಬರು ಕೊಡೆ ತಲೆಕೆಳಗಾಗಿ ಹಿಡಿದು ತುಂಬಿಕೊಳ್ಳುತ್ತಾರೆ. ಮೆರವಣಿಗೆ ಮುಗಿದ ಮೇಲೆ ರೊಸ್ಕೋನ್ ಎಂಬ ಉಂಗುರಾಕಾರದ ಬ್ರೆಡ್ಡು. ಮೊಟ್ಟೆ ಇದೆ, ಕಿತ್ತಳೆ ಹೂವಿನ ಪರಿಮಳವಿದೆ. ಒಳಗೊಂದು ಪುಟ್ಟ ಬೊಂಬೆ, ಒಂದು ಅವರೆಯಂಥ ಬೀಜ ಅಡಗಿರುತ್ತವೆ. ಬೀಜ ಸಿಕ್ಕವರು ಬ್ರೆಡ್ಡಿನ ದುಡ್ಡು ಕೊಡಬೇಕು. ಗಟ್ಟಿಯಾಗಿ ಕಚ್ಚಬೇಡಿ, ಬೊಂಬೆ ಪಿಂಗಾಣಿಯದಾದರೆ ಹಲ್ಲಿಗೆ ಪೆಟ್ಟು.

6ಕ್ಕೆ ಮತ್ತೆ ಅಂಗಡಿಗಳೆಲ್ಲ ಬಂದ್, 7ರಿಂದ ರಿಯಾಯಿತಿ ಮಾರಾಟ. ಕೋಟು, ಬೂಟು ಕೊಳ್ಳುವವರು ಬಿಲ್ಲಿನ ಜೊತೆ ‘ದಿವಾ’ ತೆರಿಗೆ ವಾಪಸಿನ ಫಾರಂ ಕೇಳಿ ಪಡೆಯಿರಿ, ಕನಿಷ್ಠ ಮೊತ್ತದ ಕಟ್ಟುಪಾಡಿಲ್ಲ. ವಿಮಾನ ನಿಲ್ದಾಣದ ದಿವಾ ಯಂತ್ರಕ್ಕೆ ಆ ಫಾರಂ ತೋರಿಸುವುದು ಸೂಟ್‌ಕೇಸ್ ಚೆಕ್‌ಇನ್ ಮಾಡುವ ಮೊದಲೇ ಆಗಬೇಕು, ಯಾಕೆಂದರೆ ಸಾಮಾನು ತೋರಿಸಿ ಎಂದು ಕಸ್ಟಮ್ಸ್‌ನವರು ಕೇಳಬಹುದು.