ಹಳೆಯ ಕ್ಲಾರಿನೆಟ್ ಮಾರಿದ ಪ್ರಸಂಗ

ಹಳೆಯ ವಾದ್ಯವನ್ನು ರಿಪೇರಿ ಮಾಡುವುದಕ್ಕಿಂತ ಅದನ್ನು ತಕ್ಕವರ ಕೈಗೆ ಸೇರಿಸುವುದು ಹೆಚ್ಚು ಕಷ್ಟ ಎಂಬುದು ನನಗೆ ಮನದಟ್ಟಾದದ್ದು ಬೂಸಿ ಆ್ಯಂಡ್ ಹಾಕ್ಸ್ ಕಂಪನಿಯ ‘1010’ ಮಾದರಿಯ ಕ್ಲಾರಿನೆಟ್ ಒಂದನ್ನು ಮಾರಲು ಹೊರಟಾಗ. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದ ನನಗೆ ಸಣ್ಣ ಸ್ಕ್ರೂಗಳು, ಸ್ಪ್ರಿಂಗುಗಳು, ಕಣ್ಣಿಗೆ ಕಾಣದಷ್ಟು ಸಣ್ಣ ಅಂತರಗಳು ಹೊಸತಲ್ಲ. ಹೀಗಾಗಿ ನಿವೃತ್ತಿಯ ನಂತರ ಮರದ ಊದುವಾದ್ಯಗಳ ರಿಪೇರಿ ತಾನಾಗಿಯೇ ಹವ್ಯಾಸವಾಯಿತು. ಮಾರುವ ವಿದ್ಯೆಯನ್ನು ಮಾತ್ರ ಯಾವ ಟೂಲ್‌ರೂಮೂ ಕಲಿಸುವುದಿಲ್ಲ.

ಈ ಕ್ಲಾರಿನೆಟ್ ಬೆಂಗಳೂರಿನ ಕಂಟೋನ್ಮೆಂಟ್ ಕಡೆಯ ಒಂದು ಆಂಗ್ಲೋ ಇಂಡಿಯನ್ ಮನೆಯದು. ಮನೆಯ ಹಿರಿಯರು ಒಂದು ಕಾಲದಲ್ಲಿ ಕ್ಲಬ್ಬುಗಳ ಡ್ಯಾನ್ಸ್ ಬ್ಯಾಂಡಿನಲ್ಲಿ ನುಡಿಸುತ್ತಿದ್ದರಂತೆ. ಮಕ್ಕಳು ಆಸ್ಟ್ರೇಲಿಯಾಕ್ಕೆ ಹೊರಟಾಗ ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಟ್ರಂಕಿನೊಳಗಿಂದ ಇದು ಹೊರಬಂತು. ಸರಣಿ ಸಂಖ್ಯೆಯನ್ನು ನೋಡಿದರೆ 1950ರ ದಶಕದ್ದು. 1930ರಲ್ಲಿ ಬೂಸಿ ಮತ್ತು ಹಾಕ್ಸ್ ಎಂಬ ಎರಡು ಲಂಡನ್ ಕಂಪನಿಗಳು ಒಂದಾದ ಮೇಲೆ ಎಡ್ಜ್‌ವೇರ್ ಕಾರ್ಖಾನೆಯಲ್ಲಿ ತಯಾರಾದ ವಾದ್ಯಗಳಲ್ಲಿ ವೃತ್ತಿಪರರು ಅತಿಯಾಗಿ ಮೆಚ್ಚಿದ್ದು ಈ 1010 ಮಾದರಿಯನ್ನು. ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದ ಜ್ಯಾಕ್ ಬ್ರೈಮರ್ ನುಡಿಸುತ್ತಿದ್ದದ್ದು ಇದನ್ನೇ. ಇದರ ಒಳಕೊಳವೆ ಸುಮಾರು 15.2 ಮಿಲಿಮೀಟರ್ ಅಗಲ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಫ್ರೆಂಚ್ ಮಾದರಿಗಳದ್ದು 14.6ರ ಆಸುಪಾಸು. ಕೇಳುವುದಕ್ಕೆ ಇದೇನು ಮಹಾ ವ್ಯತ್ಯಾಸ ಎನಿಸಬಹುದು. ಆದರೆ ಈ ವಾದ್ಯದ ತುಂಬಿದ ದನಿಗೂ, ಮಾರುವಾಗ ನಾನು ಪಟ್ಟ ಪಾಡಿಗೂ ಕಾರಣವಾದದ್ದು ಆ ಅರ್ಧ ಮಿಲಿಮೀಟರೇ.

ರಿಪೇರಿಯ ವಿಷಯದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ರಂಧ್ರಗಳನ್ನು ಮುಚ್ಚುವ ಹದಿನೇಳು ಪ್ಯಾಡುಗಳನ್ನೂ ತೆಗೆದು ಹೊಸದಾಗಿ ಕೂರಿಸಿದೆ, ತುಂಡುಗಳು ಸೇರುವ ಕೀಲುಗಳಿಗೆ ಹೊಸ ಕಾರ್ಕ್ ಅಂಟಿಸಿದೆ, ತುಕ್ಕು ಹಿಡಿದ ಸೂಜಿ ಸ್ಪ್ರಿಂಗುಗಳನ್ನು ಬದಲಿಸಿದೆ, ಒಣಗಿದ ಮರಕ್ಕೆ ಬಾದಾಮಿ ಎಣ್ಣೆಯನ್ನು ತೆಳ್ಳಗೆ, ಬಿಟ್ಟು ಬಿಟ್ಟು ಕುಡಿಸಿದೆ. ಪ್ರತಿ ಪ್ಯಾಡಿನ ಕೆಳಗೂ ಸಿಗರೇಟು ಕಾಗದದ ಸಣ್ಣ ಪಟ್ಟಿ ಇಟ್ಟು ಎಳೆದು, ಸುತ್ತಲೂ ಒಂದೇ ಸಮನಾದ ಬಿಗಿ ಇದೆಯೇ ಎಂದು ನೋಡುವ ಕೆಲಸಕ್ಕೆ ತಾಳ್ಮೆ ಬೇಕು, ಅಷ್ಟೆ. ನಿಜವಾದ ಸಮಸ್ಯೆ ಇದ್ದದ್ದು ಮೇಲ್ಭಾಗದ ತುಂಡಿನಲ್ಲಿ: ಮೇಲಿನ ಅಂಚಿನಿಂದ ಹೊರಟು ಮೊದಲ ಟ್ರಿಲ್ ಕೀಲಿಯ ರಂಧ್ರದವರೆಗೆ ಇಳಿದ ಒಂದು ಬಿರುಕು. ವರ್ಷಗಟ್ಟಲೆ ಒಣಗಿ ನಿಂತ ಮರವನ್ನು ಯಾರಾದರೂ ಒಮ್ಮೆಲೇ ಅರ್ಧ ಗಂಟೆ ಊದಿದರೆ, ಉಸಿರಿನ ತೇವಕ್ಕೆ ಒಳಮೈ ಹಿಗ್ಗುತ್ತದೆ; ಹೊರಮೈ ಒಣಗಿಯೇ ಇರುತ್ತದೆ; ನಡುವೆ ಸಿಕ್ಕಿದ ಮರ ಎಲ್ಲಾದರೂ ಬಾಯಿ ಬಿಡಲೇಬೇಕು. ನಾನು ಅದಕ್ಕೆ ಅದೇ ಜಾತಿಯ ಮರದ ಪುಡಿ ತುಂಬಿ, ನೀರಿನಂತೆ ಹರಿಯುವ ಅಂಟು ಇಳಿಸಿ, ಉಜ್ಜಿ, ಹೊಳಪು ಕೊಟ್ಟೆ. ಕೆಲಸ ಮುಗಿದ ಮೇಲೆ ಬೆಳಕನ್ನು ಓರೆಯಾಗಿ ಹಿಡಿದರೆ ಮಾತ್ರ ಒಂದು ಗೆರೆ ಕಾಣುತ್ತಿತ್ತು. ಉಗುರಿಗೆ ಏನೂ ತಾಗುತ್ತಿರಲಿಲ್ಲ. ರಂಧ್ರಗಳನ್ನೆಲ್ಲ ಮುಚ್ಚಿ, ಒಂದು ತುದಿಯನ್ನು ಅಂಗೈಗೆ ಒತ್ತಿ, ಇನ್ನೊಂದು ತುದಿಯಿಂದ ಗಾಳಿ ಎಳೆದರೆ ಕೊಳವೆ ಅಂಗೈಯನ್ನು ಕಚ್ಚಿಕೊಂಡು ನಿಲ್ಲುತ್ತಿತ್ತು.

ಜಾಹೀರಾತಿನ ಮೊದಲ ಸಾಲಿನಲ್ಲೇ ನಾನು ಬಿರುಕಿನ ವಿಷಯ ಬರೆದೆ. ಇಂಥ ವ್ಯಾಪಾರ ತಿಳಿದ ಪರಿಚಯದವರೊಬ್ಬರು, ‘ಅಲ್ಲ ಸ್ವಾಮಿ, ಕಾಣದೇ ಇರೋದನ್ನ ತೋರಿಸೋಕೆ ಯಾಕೆ ಹೋಗ್ತೀರಿ?’ ಎಂದರು. ನನ್ನ ಲೆಕ್ಕ ಬೇರೆ ಇತ್ತು. ಸರಿಯಾಗಿ ಬೆಸೆದ ಬಿರುಕಿನಿಂದ ದನಿಗೆ ಏನೂ ಆಗುವುದಿಲ್ಲ, ಬೆಲೆಗೆ ಆಗುತ್ತದೆ. ಆ ಬೆಲೆಯ ಮಾತು ವಾದ್ಯ ಕೈ ಬದಲಾಗುವ ಮೊದಲೇ ಮುಗಿದುಬಿಟ್ಟರೆ ಇಬ್ಬರಿಗೂ ಕ್ಷೇಮ. ನಲವತ್ತೆಂಟು ಸಾವಿರ ಎಂದು ಹಾಕಿದೆ. ಹೊಸ ವೃತ್ತಿಪರ ಕ್ಲಾರಿನೆಟ್ಟಿನ ಬೆಲೆ ಲಕ್ಷಗಳಲ್ಲಿ ಇರುವಾಗ ಇದು ಹೆಚ್ಚೆಂದು ನನಗೆ ಅನಿಸಲಿಲ್ಲ.

ಮೊದಲು ಫೋನ್ ಮಾಡಿದವರು ಒಬ್ಬ ಸಂಗೀತ ಶಿಕ್ಷಕಿ. ಅವರ ಪ್ರಶ್ನೆ ಒಂದೇ: ‘ಇದು ಹೈ ಪಿಚ್ಚೋ, ಲೋ ಪಿಚ್ಚೋ?’ ಹಳೆಯ ವಾದ್ಯ ಕೊಳ್ಳುವ ಎಲ್ಲರೂ ಕೇಳಬೇಕಾದ, ಆದರೆ ಹೆಚ್ಚಿನವರು ಕೇಳದ ಪ್ರಶ್ನೆ ಇದು. ಬ್ರಿಟಿಷ್ ಸೇನೆಯ ಬ್ಯಾಂಡುಗಳು 1920ರ ದಶಕದ ಕೊನೆಯವರೆಗೂ ಹೈ ಪಿಚ್ಚಿನಲ್ಲೇ, ಅಂದರೆ ‘ಎ’ ಸ್ವರಕ್ಕೆ ಸೆಕೆಂಡಿಗೆ 452 ಕಂಪನಗಳ ಆಸುಪಾಸಿನ ಏರುಶ್ರುತಿಯಲ್ಲೇ ನುಡಿಸುತ್ತಿದ್ದವು. 440 ಎಂಬುದನ್ನು ಅಂತರರಾಷ್ಟ್ರೀಯ ಶ್ರುತಿಯೆಂದು ಒಪ್ಪಿದ್ದು 1939ರ ಲಂಡನ್ ಸಭೆಯಲ್ಲಿ. ಸೇನೆಯ ನೆಲೆಯಾಗಿದ್ದ ಊರುಗಳ ಹಳೆಯ ಟ್ರಂಕುಗಳಲ್ಲಿ ಏರುಶ್ರುತಿಯ ಕ್ಲಾರಿನೆಟ್ಟುಗಳು ಸಿಕ್ಕರೆ ಆಶ್ಚರ್ಯವಿಲ್ಲ. ಅವುಗಳ ಬ್ಯಾರಲ್ (ಬಾಯಿಗಿಡುವ ಮೌತ್‌ಪೀಸಿನ ಕೆಳಗಿನ ಗಿಡ್ಡ ತುಂಡು) ಹೊರಗೆಳೆದು ಶ್ರುತಿ ಇಳಿಸುತ್ತೇನೆ ಎಂದರೆ ಆಗದು, ಏಕೆಂದರೆ ರಂಧ್ರಗಳ ನಡುವಿನ ದೂರವೇ ಬೇರೆ ಲೆಕ್ಕದ್ದು. ನನ್ನದು 440ರದ್ದೇ. ಆದರೂ ಬಿರುಕಿನ ಮಾತು ಕೇಳಿ ಆಕೆ ಹಿಂದೆ ಸರಿದರು. ನನಗೆ ಬೇಸರವಾಗಲಿಲ್ಲ, ಕೇಳಬೇಕಾದದ್ದನ್ನು ಕೇಳಿ ಬೇಡವೆಂದ ಗಿರಾಕಿ ಅವರು.

ಆಮೇಲೆ ಬಂದವರು ಮದುವೆ ಬ್ಯಾಂಡ್ ಸೆಟ್ಟಿನ ಯಜಮಾನರು. ಪೆಟ್ಟಿಗೆ ತೆರೆದ ಕೂಡಲೇ, ‘ಏನ್ ಮಾಲ್ ಅಣ್ಣಾ ಇದು!’ ಎಂದು ಬೆಳ್ಳಿ ಲೇಪದ ಕೀಲಿಗಳ ಮೇಲೆ ಬೆರಳಾಡಿಸಿದರು. ಬೆಲೆಗೂ ಅವರು ಒಪ್ಪುವವರಿದ್ದರು. ಬೇಡವೆಂದವನು ನಾನೇ. ಮಧ್ಯಾಹ್ನದ ಬಿಸಿಲಿನಲ್ಲಿ ಮೆರವಣಿಗೆ, ರಾತ್ರಿ ಇಬ್ಬನಿಯಲ್ಲಿ ಆರತಕ್ಷತೆ, ನಡುವೆ ಟೆಂಪೋದ ಹಿಂಬದಿಯಲ್ಲಿ ಪ್ರಯಾಣ — ಒಮ್ಮೆ ಒಡೆದ ಮರಕ್ಕೆ ಇದಕ್ಕಿಂತ ಕೆಟ್ಟ ಬಾಳು ಇನ್ನೊಂದಿಲ್ಲ. ಒಳ್ಳೆಯ ಪ್ಲಾಸ್ಟಿಕ್ ಕ್ಲಾರಿನೆಟ್ ಒಂದನ್ನು ಕೊಳ್ಳಿರಿ, ಅದರ ರಿಪೇರಿಗೆ ನನ್ನಲ್ಲಿಗೇ ಬನ್ನಿ ಎಂದು ಹೇಳಿ ಕಳುಹಿಸಿದೆ.

ಕರ್ನಾಟಕ ಸಂಗೀತ ನುಡಿಸುವ ವಿದ್ವಾಂಸರೊಬ್ಬರೂ ಬಂದಿದ್ದರು. ಎ.ಕೆ.ಸಿ. ನಟರಾಜನ್ ಅವರು ಕಛೇರಿಯ ಮಟ್ಟಕ್ಕೆ ಏರಿಸಿದ ವಾದ್ಯ ಇದು. ಹಿಂದೂಸ್ತಾನಿಯಲ್ಲಿ ನಮ್ಮ ರಾಯಚೂರಿನ ನರಸಿಂಹಲು ವಡವಾಟಿಯವರು ಇದನ್ನು ಹಾಡಿಸಿದ್ದಾರೆ. ಬಂದ ವಿದ್ವಾಂಸರು ಒಂದೆರಡು ನಿಮಿಷ ತೋಡಿ ರಾಗದ ಗಾಂಧಾರವನ್ನು ಹುಡುಕಿ, ವಾದ್ಯವನ್ನು ಕೆಳಗಿಟ್ಟರು. ‘ದನಿ ಚೆನ್ನಾಗಿದೆ. ಆದರೆ ಈ ಉಂಗುರಗಳು ಬೆರಳಿಗೆ ಅಡ್ಡ ಬರ್ತವೆ.’ ಅವರ ಮಾತು ಸರಿ. ವಾದಕ ಕ್ಲೋಸೆ ಮತ್ತು ವಾದ್ಯ ತಯಾರಕ ಬ್ಯೂಫೆ ಪ್ಯಾರಿಸ್ಸಿನಲ್ಲಿ ರೂಪಿಸಿ 1844ರಲ್ಲಿ ಪೇಟೆಂಟ್ ಪಡೆದ, ಈ ವಾದ್ಯದಲ್ಲೂ ಇರುವ ಬೋಮ್ ಕೀಲಿ ಪದ್ಧತಿಯಲ್ಲಿ ಬೆರಳು ರಂಧ್ರದ ಮೇಲೆ ಇಳಿಯುವಾಗ ಉಂಗುರವೂ ಇಳಿಯುತ್ತದೆ, ಉಂಗುರದೊಂದಿಗೆ ಬೇರೆಲ್ಲೋ ಇರುವ ಪ್ಯಾಡೂ ಮುಚ್ಚುತ್ತದೆ. ರಂಧ್ರವನ್ನು ಅರ್ಧ ತೆರೆದು ಜಾರಿಸಬೇಕಾದ ಗಮಕಕ್ಕೆ ಉಂಗುರ ಕಡಿಮೆ ಇರುವ ಹಳೆಯ ಆಲ್ಬರ್ಟ್ ಪದ್ಧತಿಯೇ ಹೆಚ್ಚು ಅನುಕೂಲ. ಕಾಫಿ ಕುಡಿದು, ಸಂತೋಷವಾಗಿ ಮಾತನಾಡಿ ಹೊರಟರು.

ವಿದೇಶದಲ್ಲಿರುವ ಕನ್ನಡಿಗರೊಬ್ಬರು ಕೊರಿಯರಿನಲ್ಲಿ ಕಳುಹಿಸಲು ಕೇಳಿದರು. ಇದರ ಮರ ಆಫ್ರಿಕಾದ ಕರಿಮರ, ತಾಂಜಾನಿಯಾ ಮತ್ತು ಮೊಜಾಂಬಿಕ್ ಕಡೆಯದು. ಮೈಸೂರಿನ ಕೆತ್ತನೆಯವರು ಬಳಸುವ ಬೀಟೆಯ ಕುಲಕ್ಕೇ ಸೇರಿದ್ದು. ಆ ಇಡೀ ಕುಲವನ್ನು 2017ರ ಜನವರಿಯಲ್ಲಿ, ಅಳಿವಿನ ಭೀತಿಯಲ್ಲಿರುವ ಗಿಡ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹತೋಟಿಯಲ್ಲಿಡುವ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ತಂದಾಗ ಕ್ಲಾರಿನೆಟ್ ಮಾರಾಟಗಾರರೆಲ್ಲ ಕಾಗದಪತ್ರದ ಕಾಟಕ್ಕೆ ಸಿಕ್ಕಿದ್ದರು. 2019ರ ನವೆಂಬರಿನಿಂದ ಸಿದ್ಧವಾದ್ಯಗಳಿಗೆ ಅದರಿಂದ ವಿನಾಯಿತಿ ಸಿಕ್ಕಿದೆ. ಹೀಗಾಗಿ ಅಡ್ಡಿ ಇದ್ದದ್ದು ಕಾನೂನಿನದ್ದಲ್ಲ. ಊದಿ ನೋಡದೆ ಇದನ್ನು ಯಾರೂ ಕೊಳ್ಳಬಾರದು ಎಂಬ ನನ್ನ ಹಟದ್ದು.

ಕೊನೆಗೆ ಮಂಗಳೂರಿನಿಂದ ತಂದೆ, ಮಗ ಬಂದರು. ತಂದೆಗೆ ಇಗರ್ಜಿಯ ಬ್ಯಾಂಡಿನಲ್ಲಿ ನುಡಿಸಿದ ಅನುಭವವಿತ್ತು; ಮಗ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿತು ಮಕ್ಕಳಿಗೆ ಹೇಳಿಕೊಡುತ್ತಿದ್ದ. ಹುಡುಗ ತನ್ನದೇ ಫ್ರೆಂಚ್ ಮೌತ್‌ಪೀಸ್ ತಂದಿದ್ದ. ನಾನು ಏನನ್ನೂ ಹೇಳದೆ ಅದನ್ನೇ ಹಾಕಿ ನುಡಿಸಲು ಬಿಟ್ಟೆ. ಕೆಳಸ್ಥಾಯಿ ಸೊಗಸಾಗಿತ್ತು. ಮೇಲಿನ ಸ್ವರಗಳಿಗೆ ಹಾರಿಸುವ ರಿಜಿಸ್ಟರ್ ಕೀಲಿ ಒತ್ತಿ ಮೇಲೆ ಹೋದೊಡನೆ ಶ್ರುತಿ ತೋರಿಸುವ ಟ್ಯೂನರಿನ ಮುಳ್ಳು ಅತ್ತಿತ್ತ ಓಡಾಡತೊಡಗಿತು. ಕೊಳಲನ್ನು ಜೋರಾಗಿ ಊದಿದರೆ ಷಡ್ಜ ಮೇಲಿನ ಷಡ್ಜಕ್ಕೆ ಹಾರುತ್ತದೆ. ಒಂದು ತುದಿ ಮುಚ್ಚಿದ ಕೊಳವೆಯಂತೆ ವರ್ತಿಸುವ ಕ್ಲಾರಿನೆಟ್ಟಿನಲ್ಲಿ ಅದು ಹಾರುವುದು ಮೇಲಿನ ಸ್ಥಾಯಿಯ ಪಂಚಮಕ್ಕೆ. ಆ ಹಾರಿಕೆ ಸರಿಯಾಗಿ ಕೂರಬೇಕಾದರೆ ಮೌತ್‌ಪೀಸಿನ ಒಳಕೊಳವೆ ವಾದ್ಯದ ಒಳಕೊಳವೆಗೆ ಹೊಂದಬೇಕು. 1010ಕ್ಕೆ ಅದರದ್ದೇ ಆದ ಅಗಲದ ಮೌತ್‌ಪೀಸ್ ಇಲ್ಲದಿದ್ದರೆ ಎಂಥ ನುರಿತವನೂ ಅಪಶ್ರುತಿಯೇ.

‘ಎಂತ ಮಾರಾಯ್ರೆ, ಇದು ಬೇಸೂರಲ್ವಾ?’ ಎಂದರು ತಂದೆ. ನಾನು ಟ್ರಂಕಿನಲ್ಲೇ ಸಿಕ್ಕಿದ ಹಳೆಯ ಎಬೊನೈಟ್ (ಗಟ್ಟಿ ರಬ್ಬರ್) ಮೌತ್‌ಪೀಸ್ ತೆಗೆದುಕೊಟ್ಟೆ. ಹೊರಗಿನ ಬಣ್ಣ ಕಂದಿ ಹಸಿರು ತಿರುಗಿತ್ತು, ಆದರೆ ತುದಿ ಚೂರೂ ಮುಕ್ಕಾಗಿರಲಿಲ್ಲ. ಹುಡುಗ ರೀಡ್ ಬದಲಿಸಿ ಅದೇ ಸ್ವರಗಳನ್ನು ಮತ್ತೆ ಏರಿದ, ಇಳಿದ. ಮುಳ್ಳು ನಡುವಿನ ಗೆರೆಯ ಹತ್ತಿರವೇ ಉಳಿಯಿತು. ಅವನ ಮುಖ ನೋಡಿದ ತಂದೆ ಚೌಕಾಶಿಗೆ ಇನ್ನು ಬಲವಿಲ್ಲವೆಂದು ತಿಳಿದರೂ ಬಿಡಲಿಲ್ಲ. ಕಿಟಕಿಯ ಬಳಿ ಹೋಗಿ, ಬಿರುಕಿನ ಗೆರೆಯನ್ನು ತಾವೇ ಹುಡುಕಿ, ‘ಒಡೆದದ್ದಕ್ಕೆ ನಲವತ್ತೆಂಟಾ? ನಲವತ್ತು ಮಾಡಿ ಮಾರಾಯ್ರೆ’ ಎಂದರು. ಆ ಹಳೆಯ ಮೌತ್‌ಪೀಸ್ ಇಲ್ಲದೆ ಕೊಡುವುದಾದರೆ ನಲವತ್ತಕ್ಕೆ ಸರಿ ಎಂದೆ. ‘ಅಪ್ಪಾ, ಅದಿಲ್ಲದಿದ್ರೆ ಇದು ಬರೀ ಮರ’ ಎಂದ ಮಗ. ನಲವತ್ತನಾಲ್ಕಕ್ಕೆ ಮಾತು ಮುಗಿಯಿತು.

ಹಣ ಪಡೆಯುವ ಮೊದಲು ಒಂದು ಹಾಳೆಯಲ್ಲಿ ಸರಣಿ ಸಂಖ್ಯೆ, ಬಿರುಕಿನ ಜಾಗ ಮತ್ತು ಉದ್ದ, ಬದಲಿಸಿದ ಭಾಗಗಳು, ಮೌತ್‌ಪೀಸ್ ಮೂಲದ್ದೇ ಎಂಬ ಮಾತು, ಇಷ್ಟನ್ನು ಬರೆದು ಸಹಿ ಹಾಕಿಕೊಟ್ಟೆ. ಮೊದಲ ಕೆಲವು ವಾರ ದಿನಕ್ಕೆ ಕಾಲು ಗಂಟೆಗಿಂತ ಹೆಚ್ಚು ಊದಬೇಡ, ಪ್ರತಿ ಸಲವೂ ಒಳಗೆ ಒರೆಸು ಎಂದು ಹುಡುಗನಿಗೆ ಒತ್ತಿ ಹೇಳಿದೆ.

ಜೂನ್ ಕಳೆಯುವಷ್ಟರಲ್ಲಿ ಅವನ ಫೋನ್ ಬಂತು. ‘ಅಂಕಲ್, ನಡುವಿನ ಕೀಲು ಕಚ್ಚಿಕೊಂಡಿದೆ. ಬಿಚ್ಲಿಕ್ಕೆ ಆಗ್ತಿಲ್ಲ.’ ಬೆಂಗಳೂರಿನ ಒಣಹವೆಯಲ್ಲಿ ನಾನು ಕೂರಿಸಿದ ಕೀಲು ಕರಾವಳಿಯ ಮಳೆಗೆ ಹಿಗ್ಗಿತ್ತು. ತಿರುಚಬೇಡ, ಎ.ಸಿ. ಇರುವ ಕೋಣೆಯಲ್ಲಿ ಒಂದೆರಡು ದಿನ ಇಡು ಎಂದೆ. ಬಿಟ್ಟುಕೊಂಡಿತು. ಮುಂದಿನ ಸಲ ಬೆಂಗಳೂರಿಗೆ ಬಂದಾಗ ತಂದುಕೊಟ್ಟ. ಕೀಲಿನ ಅಂಚಿನಲ್ಲಿ ಮಸಿಯಂತೆ ಮಿನುಗುತ್ತಿದ್ದ ಉಜ್ಜಿದ ಜಾಗವನ್ನು ಹುಡುಕಿ, ನಯವಾದ ಸ್ಯಾಂಡ್‌ಪೇಪರಿನಿಂದ ಎಷ್ಟು ಬೇಕೋ ಅಷ್ಟೇ ತೆಗೆದೆ. ಹೆಚ್ಚು ತೆಗೆದರೆ ಬೇಸಿಗೆಯಲ್ಲಿ ಕೀಲು ಅಲುಗಾಡುತ್ತದೆ. ಮಜೂರಿ ಎಷ್ಟೆಂದು ಕೇಳಿದ. ಈ ಕೀಲಿನ ಮಟ್ಟಿಗೆ ಏನೂ ಬೇಡ, ಮುಂದೆ ಪ್ಯಾಡು ಹಾಳಾದರೆ ತೆಗೆದುಕೊಳ್ಳುತ್ತೇನೆ ಎಂದೆ.