ಅಜ್ಜನ ಊರಿನ ನೆನಪು ಕೂಡಿಡುವ ಕೆಲಸ: ಐದನೇ ತಿಂಗಳು

ಅಜ್ಜ ಊರು ಬಿಟ್ಟ ಮೇಲೆ ನಮ್ಮ ಮನೆಯವರು ಆ ಕಡೆ ಹೋದದ್ದೇ ಕಡಿಮೆ. ಮೊದಲ ಸಲ ಪ್ರಶ್ನೆಗಳ ಪಟ್ಟಿ ಹಿಡಿದುಕೊಂಡು ಹೋದೆ. ಅದು ತಪ್ಪಾಯಿತು. ಸುಮ್ನೆ "ಊರಿನ ಹಳೇ ಕಥೆ ಹೇಳಿ" ಅಂದರೆ ಯಾರಾದರೂ ಏನು ಹೇಳಬೇಕು? ಎಲ್ಲರೂ ನನ್ನನ್ನೇ ಕೇಳಿದರು: "ನೀನು ಯಾರ ಪೈಕಿ?"

ಈ ಸಲ ನಮ್ಮ ಪೆಟ್ಟಿಗೆಯಲ್ಲಿದ್ದ ಹಳೆಯ ಗ್ರೂಪ್ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋದೆ. ಅಜ್ಜಿಯೊಬ್ಬರು ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. ಎಡಗಡೆಯಿಂದ ಒಂದೊಂದೇ ಮುಖದ ಮೇಲೆ ಬೆರಳಿಡುತ್ತಾ ಬಂದರು. ಮೂರನೇ ಹುಡುಗನ ಹತ್ತಿರ ಬೆರಳು ನಿಂತಿತು. "ಇವನು ನನ್ನ ತಮ್ಮ ಕಣಪ್ಪಾ." ತಮ್ಮನ ಒಂದು ಫೋಟೋನೂ ಅವರ ಹತ್ತಿರ ಇರಲಿಲ್ಲ. ಪ್ರಿಂಟನ್ನು ಅವರಿಗೇ ಕೊಟ್ಟು ಬಂದೆ.

ಮರುದಿನ ಅವರೇ ಹೇಳಿ ಕಳಿಸಿದರು. ಹೋದರೆ ಒಂದು ತಗಡಿನ ಡಬ್ಬಿ ತುಂಬ ಫೋಟೋ, ಕಾಗದ! ನಾವು ಏನಾದರೂ ಕೊಟ್ಟು ಆಮೇಲೆ ಕೇಳಬೇಕು, ಅಲ್ವಾ? ನನಗೆ ಇದು ತಿಳಿಯಲು ನಾಲ್ಕು ತಿಂಗಳು ಬೇಕಾಯಿತು.

ಎಲ್ಲವನ್ನೂ ಅವರ ಮನೆಯಲ್ಲೇ ಕೂತು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಯಂತೆ, ಸ್ಕ್ಯಾನ್ ಮಾಡಿದೆ. ಫೋಟೋದ ಹಿಂಬದಿಯನ್ನೂ ಬಿಡಲಿಲ್ಲ, ಹೆಸರು, ತಾರೀಖು ಇರುವುದೇ ಅಲ್ಲಿ. ಒಂದು ಫೋಟೋ ಗಾಜಿಗೆ ಅಂಟಿಕೊಂಡಿತ್ತು. ಕೀಳಲು ಹೋಗದೆ ಗಾಜಿನ ಸಮೇತ ಕ್ಯಾಮೆರಾದಲ್ಲಿ ತೆಗೆದೆ.

ಮಾತುಗಳನ್ನು ಈಗ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ ಆಗಿ, ಅಂದರೆ ದನಿಯನ್ನು ಕುಗ್ಗಿಸದೆ, ರೆಕಾರ್ಡ್ ಮಾಡುತ್ತಿದ್ದೇನೆ. ಮೋನೋದಲ್ಲೇ (ಒಂದೇ ಚಾನೆಲ್) ಗಂಟೆಗೆ ಸುಮಾರು 500 ಎಂಬಿ. ಜಾಗ ಜಾಸ್ತಿ ಹಿಡಿಯುತ್ತದೆ, ಆದರೆ ಆ ದನಿ ಇನ್ನೊಮ್ಮೆ ಸಿಗುವುದಿಲ್ಲ. ಮೂರು ಪ್ರತಿ ಇಟ್ಟಿದ್ದೇನೆ, ಒಂದು ಬೇರೆ ಊರಿನಲ್ಲಿದೆ. "ಇದು ಹೊರಗೆ ಬೇಡ" ಅಂತ ಊರಿನವರು ಅಂದದ್ದನ್ನು ಬೇರೆಯಾಗಿ ತೆಗೆದಿಟ್ಟಿದ್ದೇನೆ. ಯಾವುದು ತಮ್ಮ ಪರಂಪರೆ ಅಂತ ಗುರುತಿಸುವವರು ಆ ಜನರೇ ಎಂದು ಹಾಡು, ಕಥೆ, ಆಚರಣೆಗಳಂಥ ಅಮೂರ್ತ ಪರಂಪರೆಯನ್ನು ಉಳಿಸುವ ಯುನೆಸ್ಕೋದ 2003ರ ಒಪ್ಪಂದವೂ ಹೇಳುತ್ತದೆ. ಏನು ಉಳಿಯಬೇಕು, ಏನು ಬೇಡ ಅನ್ನುವುದನ್ನು ನಾನು ತೀರ್ಮಾನಿಸುವುದು ಸರಿಯಲ್ಲ.

ಹಳೆಯ ಓಣಿಗಳ ಹೆಸರು ಬರೆದುಕೊಳ್ಳುವುದೂ ಶುರುವಾಗಿದೆ. ಒಂದೇ ಓಣಿಗೆ ಇಬ್ಬರು ಹಿರಿಯರು ಎರಡು ಹೆಸರು ಹೇಳಿದರು. ಎರಡನ್ನೂ ಬರೆದುಕೊಂಡೆ.

ಗ್ರೂಪ್ ಫೋಟೋದ ಹಿಂದಿನ ಸಾಲಿನಲ್ಲಿ ಇನ್ನೂ ಇಬ್ಬರ ಗುರುತು ಸಿಕ್ಕಿಲ್ಲ. ಪಕ್ಕದ ಓಣಿಯ ದೊಡ್ಡಪ್ಪನಿಗೆ ಗೊತ್ತಿರಬಹುದು ಅಂತ ಅಜ್ಜಿ ಹೇಳಿದ್ದಾರೆ. ಮುಂದಿನ ಸಲ ಅವರಿಗೂ ಒಂದು ಪ್ರಿಂಟ್ ಒಯ್ಯುತ್ತೇನೆ.