ಮೂವತ್ತು ಸೆಂಟಿಮೀಟರಿನ ಪಟ್ಟಿ

ಬೇಸಿಗೆ ರಜೆ ಶುರುವಾಗಿ ಹತ್ತು ದಿನ ಕಳೆದಿದ್ದವು. ಅಲಾರಾಂ ಇಲ್ಲದೆಯೂ ಐದೂವರೆಗೇ ಎಚ್ಚರವಾಯಿತು. ಒಂಬತ್ತು ಗಂಟೆಯೊಳಗೆ ಬಟ್ಟೆ ಒಗೆದು, ಸಡಿಲವಾಗಿದ್ದ ಕಿಟಕಿಯ ಚಿಲಕ ಬಿಗಿಮಾಡಿ, ಪುಸ್ತಕದ ಕಪಾಟನ್ನು ಒಪ್ಪ ಮಾಡಲು ಕುಳಿತೆ. ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಮುಕ್ಕಾಲು ಗಂಟೆಗೊಮ್ಮೆ ಅವಧಿ ಮುಗಿಯಿತೆಂದು ಮೈ ತಾನಾಗಿ ಎದ್ದು ನಿಲ್ಲುತ್ತಿತ್ತು. ರಜೆ ಬೇಡವೆಂದಲ್ಲ. ವರ್ಷವಿಡೀ ದಣಿದ ಗಂಟಲಿಗೆ ಅದು ಬೇಕೇ ಬೇಕು.

ಕಪಾಟಿನ ತಳದಲ್ಲಿ ಆರನೆಯ ತರಗತಿಯ ಕಿರುಪರೀಕ್ಷೆಯ ಹಾಳೆಯೊಂದು ಸಿಕ್ಕಿತು. 1/2 ಮತ್ತು 1/3 ಕೂಡಿಸಿ 2/5 ಎಂದು ಬರೆದಿತ್ತು ಮಗು. ಅಂಶಕ್ಕೆ ಅಂಶ, ಛೇದಕ್ಕೆ ಛೇದ. ನಾನು ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿ, ಪಕ್ಕದಲ್ಲಿ 5/6 ಎಂದು ಗೀಚಿ, ಮುಂದಿನ ಹಾಳೆಗೆ ಹೋಗಿಬಿಟ್ಟಿದ್ದೆ. ಅದನ್ನು ನೋಡಿ ಈಗ ಸಂಕಟವಾಯಿತು. 2/5 ಅಂದರೆ ಅರ್ಧಕ್ಕಿಂತಲೂ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅದು ಕಡಿಮೆಯಾಗುವುದು ಹೇಗೆ ಎಂದು ಒಂದು ಮಾತು ಕೇಳಿದ್ದರೆ ಮಗುವೇ ತಿದ್ದಿಕೊಳ್ಳುತ್ತಿತ್ತೋ ಏನೋ. ಪಾಠ ಮುಗಿಸುವ ಅವಸರದಲ್ಲಿ ನಾನು ಲಘುತಮ ಸಾಮಾನ್ಯ ಅಪವರ್ತ್ಯದ ಕ್ರಮವನ್ನಷ್ಟೇ ಬಾಯಿಪಾಠ ಮಾಡಿಸಿದ್ದೆ.

ಆಮೇಲೆ ಕಪಾಟು ಹಾಗೇ ಉಳಿಯಿತು. ದಪ್ಪ ಕಾಗದ, ಅಳತೆಪಟ್ಟಿ, ಕತ್ತರಿ ಹಿಡಿದು ನೆಲದ ಮೇಲೆ ಕುಳಿತೆ. ಮೊದಲು ಹನ್ನೆರಡು ಸೆಂಟಿಮೀಟರಿನ ಪಟ್ಟಿ ಮಾಡಿದೆ. ಅರ್ಧ, ಮೂರನೆಯ ಒಂದು ಭಾಗ ಸರಿಯಾಗಿ ಬಂದವು, ಐದು ಪಾಲು ಮಾಡಹೊರಟಾಗ ಕೆಟ್ಟಿತು. ಮೂವತ್ತಕ್ಕೆ ಬಂದಾಗ ಎಲ್ಲವೂ ಕೂಡಿಬಂತು: ಅರ್ಧ ಹದಿನೈದು, ಮೂರನೆಯ ಒಂದು ಹತ್ತು. ಎರಡನ್ನೂ ತುದಿಗೆ ತುದಿ ತಾಗಿಸಿಟ್ಟರೆ ಇಪ್ಪತ್ತೈದು, ಅಂದರೆ ಆರರಲ್ಲಿ ಐದು ಪಾಲು. ಅದರ ಕೆಳಗೆ ಮಗುವಿನ 2/5 ಅನ್ನು ಇಟ್ಟೆ. ಹನ್ನೆರಡೇ ಸೆಂಟಿಮೀಟರು. ಅರ್ಧದ ತುಂಡಿಗಿಂತಲೇ ಮೂರು ಸೆಂಟಿಮೀಟರು ಗಿಡ್ಡ. ಹೇಳಿಕೊಡುವುದು ಇನ್ನೇನೂ ಉಳಿದಿರಲಿಲ್ಲ, ಕಣ್ಣೇ ಹೇಳುತ್ತಿತ್ತು.

ಸಂಜೆಯೊಳಗೆ ಇಡೀ ತರಗತಿಗಾಗುವಷ್ಟು ಪಟ್ಟಿಗಳು ಸಿದ್ಧವಾದವು. ಬೆರಳು ಬೊಬ್ಬೆ ಬಂದಿದ್ದರೂ ಮನಸ್ಸು ತುಂಬಿತ್ತು. ಆದರೆ ಚಡಪಡಿಕೆ ಬೆಳಿಗ್ಗೆಗಿಂತ ಹೆಚ್ಚಾಯಿತು. ಪಟ್ಟಿಗಳನ್ನು ಜೋಡಿಸಿ "ಓ!" ಎನ್ನುವ ಮುಖ ಒಂದಾದರೂ ಎದುರಿಗೆ ಬೇಕಿತ್ತು.

ಆ ಮಗು ಮುಂದಿನ ವರ್ಷ ಏಳನೆಯ ತರಗತಿ, ಅಲ್ಲಿ ಗಣಿತ ನನ್ನದಲ್ಲ. ಆದರೂ ಒಂದು ಲಕೋಟೆಯಲ್ಲಿ ಐದಾರು ತುಂಡುಗಳನ್ನು ಬೇರೆಯಾಗಿ ಹಾಕಿ, ಮೇಲೆ ಅದರ ಹೆಸರು ಬರೆದು, ಶಾಲೆಯ ಚೀಲದೊಳಗಿಟ್ಟೆ. ಶಾಲೆ ತೆರೆಯಲು ಇನ್ನೂ ಮೂವತ್ತೊಂದು ದಿನವಿತ್ತು.